ನಾಲ್ಕಂಕಿಯ ನಾತ

ಬೆಳಿಗ್ಗೆ ಎದ್ದ ಮೇಲೆ ಅದು ಮೂರನೇ ಸ್ನಾನ. ಸೋಪು ಸವೆದು ಬಿಲ್ಲೆಯಾಗಿತ್ತು. ಉಗುರಿನ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ ತಿಕ್ಕಿ ಬೆರಳ ತುದಿಗಳು ಕೆಂಪಗೆ ಉರಿಯುತ್ತಿದ್ದವು. ಒರೆಸಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕಳ್ಳನ ಹಾಗೆ ಬಲಗೈಯನ್ನು ಮೂಗಿಗೆ ಹಿಡಿದ. ಇತ್ತು. ಹಾಳಾದ್ದು, ಇನ್ನೂ ಇತ್ತು. ಸೋಪಿನ ಹೂವಿನ ಪರಿಮಳದ ಅಡಿಯಲ್ಲಿ ಮಂದವಾಗಿ, ಅಂಟಂಟಾಗಿ, ಸತ್ತ ಮೀನಿನ ಹೊಟ್ಟೆಯೊಳಗಿನ ಆ ಒಂಥರಾ ಸಿಹಿ ಬೆರೆತ ನಾತ. ಥೂ ಎಂದ. ಬಚ್ಚಲಲ್ಲೇ ಉಗಿದು, ಉಗಿದದ್ದರ ಮೇಲೆ ಎರಡು ಚೊಂಬು ನೀರು ಹುಯ್ದ. ಹೊರಗಿನಿಂದ ಹೆಂಡತಿ ಬಾಗಿಲು ತಟ್ಟಿದಳು. "ರೀ, ಟ್ಯಾಂಕ್ ಖಾಲಿ ಮಾಡ್ಬೇಡಿ, ಅಪ್ಪಂಗೂ ಸ್ನಾನಕ್ಕೆ ಬೇಕು. ಹನ್ನೊಂದು ಗಂಟೆಗೆ ವಿಮೆಯವರು ಬರ್ತಾರಂತಲ್ಲ, ಅಪ್ಪನೂ ಬರ್ಬೇಕಂತೆ." ಆಯ್ತು ಎಂದ. ಆ 'ಆಯ್ತು' ಬಾಯಿಂದ ಹೊರಬಿದ್ದ ಕೂಡಲೇ ಅದರ ಸದ್ದಿಗೇ ಅವನಿಗೆ ವಾಕರಿಕೆ ಬಂತು. ಎರಡು ವರ್ಷದಿಂದ ಅವನು ಎಲ್ಲಕ್ಕೂ ಹೇಳುತ್ತ ಬಂದದ್ದು ಅದನ್ನೇ ತಾನೆ.

ಕನ್ನಡಿಯ ಮುಂದೆ ನಿಂತು ತಲೆ ಬಾಚಿದ. ತನ್ನ ಮನೆಯಲ್ಲ ಇದು, ಮಾವನ ಮನೆ, ಕನ್ನಡಿಯೂ ಮಾವನದು. ಮನೆಅಳಿಯನಾಗಿ ಬಂದವನಿಗೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದಕ್ಕೂ ಯಾರದೋ ಅಪ್ಪಣೆ ಬೇಕೇನೋ ಎನಿಸುವುದು ಮೊದಲ ವರ್ಷದ ಮಾತು. ಆಮೇಲೆ ಅಭ್ಯಾಸವಾಗುತ್ತದೆ, ಯಾವುದು ತಾನೆ ಆಗುವುದಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೆ ಕೆಲಸ ಕೊಡಿಸಿದವರೂ ಮಾವನೇ. ಮೂವತ್ತೆಂಟು ವರ್ಷದಿಂದ ಅವರು ಅಲ್ಲಿ ಕೋಣೆಗಳನ್ನು ತಂಪು ಮಾಡುವ ಅಮೋನಿಯಾ ಯಂತ್ರಗಳನ್ನು ಓಡಿಸುವ ಆಪರೇಟರು. ಹಳೇ ಯಜಮಾನರ ಬಳಿ ಹೋಗಿ, "ನಮ್ಮ ಅಳಿಯಂದ್ರು, ಅಕ್ಷರ ಮುತ್ತಿನ ಹಾಗೆ" ಎಂದು ಕೈಮುಗಿದು ಗುಮಾಸ್ತನ ಕುರ್ಚಿಯಲ್ಲಿ ಕೂರಿಸಿದ್ದರು. ಆ ಕುರ್ಚಿ ಆಮೇಲೆ ಸೂಪರ್‌ವೈಸರನ ಕುರ್ಚಿಯಾಯಿತು, ಅದರ ಮುಂದೆ ಕಂಪ್ಯೂಟರ್ ಬಂತು, ಮಾವ ಅಳಿಯನ ಕೈಕೆಳಗಿನ ನೌಕರರಾದರು. ಆದರೂ ಮನೆಯಲ್ಲೂ ಅಲ್ಲೂ ಅದೇ ಬಹುವಚನ: ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ ಅಳಿಯಂದ್ರೇ. ಸೋಮವಾರ ಈಗಿನ ಯಜಮಾನ, ಹಳೇ ಯಜಮಾನರ ಮಗ, ಅವರನ್ನು ಮನೆಯಲ್ಲೇ ಇರಿ ಎಂದು ಕಳಿಸಿದ್ದ. ಮೂರು ದಿನದಲ್ಲಿ ಅವರು ಮನೆಯ ಎಲ್ಲಾ ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಿದ್ದರು. ಈಗ ಮನೆಯಲ್ಲಿ ಯಾವ ಬಾಗಿಲು ತೆರೆದರೂ ಸದ್ದಿಲ್ಲ. ಅವನು ಬಚ್ಚಲಿಂದ ಹೊರಬಂದದ್ದು ಯಾರಿಗೂ ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ಅಪ್ಪ ಮಗಳು ಮಾತಾಡುತ್ತಿದ್ದರು. "ನೀನೇನೂ ಮಾಡಿಲ್ಲ ಅಲ್ವಾ ಅಪ್ಪಾ?" ಎಂದು ಹೆಂಡತಿ. "ಮೂವತ್ತೆಂಟು ವರ್ಷದಲ್ಲಿ ಏನೇನೋ ಮಾಡಿದೀನಿ ಕಣೇ, ಅದರಲ್ಲಿ ಯಾವುದು ಅಂತ ಅವರೇ ಹೇಳ್ಬೇಕು" ಎಂದು ಮಾವ ನಕ್ಕರು. ಅವನು ಬಟ್ಟೆ ಹಾಕಿಕೊಂಡು, ತಿಂಡಿ ಬೇಡ ಎಂದು ಹೇಳಿ ಹೊರಟ.

ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಎರಡು ನಿಮಿಷಕ್ಕೆ ಎದ್ದು ಹೋಗಿ ಕಂಬ ಹಿಡಿದು ನಿಂತಳು. ಇನ್ನೂ ಮೂರು ಸೀಟು ಖಾಲಿ ಇದ್ದವು. ಅವನು ಕಿಟಕಿ ಸರಿಸಿದ. ಕೋಲ್ಡ್ ಸ್ಟೋರೇಜಿನಲ್ಲಿ ಮೀನು ಕೊಳೆತಿದ್ದ ಮೂರನೇ ಕೋಣೆ ತೊಳೆಯಲು ಅವನೇ ಇಳಿಯಬೇಕಾದ ಅಗತ್ಯವೇನೂ ಇರಲಿಲ್ಲ. ಸೂಪರ್‌ವೈಸರು ಹೊರಗೆ ನಿಂತು ಮೂಗಿಗೆ ಕರ್ಚೀಫು ಹಿಡಿದು ಕೈ ತೋರಿಸಿದರೆ ಸಾಕಿತ್ತು. ಆದರೆ ಮಂಗಳವಾರ ಬೆಳಿಗ್ಗೆ ತಾನಾಗಿ ಮಂಡಿವರೆಗಿನ ರಬ್ಬರ್ ಬೂಟು ಹಾಕಿ, ಸಲಿಕೆ ಹಿಡಿದು, ಹಮಾಲರ ಜೊತೆ ಒಳಗೆ ಹೋದ. ರಟ್ಟಿನ ಪೆಟ್ಟಿಗೆಗಳು ಒದ್ದೆಯಾಗಿ ಒಂದರ ಮೇಲೊಂದು ಕುಸಿದಿದ್ದವು. ಸಲಿಕೆ ಹಾಕಿದರೆ ಮೇಲಿನದು ಹಿಸಿದು, ಕೆಳಗಿನದು ಪಿಚಕ್ಕನೆ ಬೂದುಗೆಂಪು ನೀರನ್ನು ಎದೆಗೆ ಹಾರಿಸುತ್ತಿತ್ತು. ಮೀನುಗಳ ಕಣ್ಣು ಬೆಳ್ಳಗಾಗಿ ಉಬ್ಬಿ ಹೊರಗೆ ಬಂದಿದ್ದವು. ಮೂವತ್ತು ದೋಣಿಗಳ ಆರು ವಾರದ ದುಡಿಮೆ ಅದು, ಈಗ ಲಾರಿಗೂ ಹತ್ತಿಸಿಕೊಳ್ಳದ ಕೊಚ್ಚೆ. ಹಮಾಲರಲ್ಲಿ ಒಬ್ಬ ವಾಂತಿ ಮಾಡಿಕೊಂಡ. ಇನ್ನೊಬ್ಬ ಇವನನ್ನು ನೋಡಿ, "ಅಳಿಯ ಮನೆ ತೊಳಿಯ ಅಂತಾರೆ, ನಮ್ಮ ಅಳಿಯಂದ್ರು ನೋಡ್ರೋ, ಮಾವ ಮಾಡಿದ ಹೊಲಸೆಲ್ಲಾ ತೊಳೀತಾವ್ರೆ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕನಲ್ಲ! ಬಾಯಿ ತೆರೆದು, ಹಲ್ಲು ಬಿಟ್ಟು ನಕ್ಕಿದ್ದ, ಆ ನಾತ ಬಾಯೊಳಗೂ ಹೋಗುವಷ್ಟು. ಬಸ್ಸು ನಿಂತಾಗ ಅದು ನೆನಪಾಗಿ ನಾಲಿಗೆಯನ್ನು ಹಲ್ಲಿಗೆ ಉಜ್ಜಿದ.

ಮಾವ ಮಾಡಿದ್ದಲ್ಲ ಎಂದು ಗೊತ್ತಿದ್ದವನು ಅವನೊಬ್ಬನೇ. ಹಿಂದಿನ ಗುರುವಾರ ಸಂಜೆಯಿಂದ ಭಾನುವಾರದವರೆಗೆ ರಜೆ. ಉಳಿದ ಆಪರೇಟರುಗಳೆಲ್ಲ ಊರಿಗೆ ಹೋಗಲಿ ಎಂದು ಎಲ್ಲರ ಪಾಳಿಯನ್ನೂ ಮಾವ ತಾವೇ ಹೊತ್ತು, ಯಂತ್ರದ ಕೋಣೆಯಲ್ಲೇ ಮಂಚ ಹಾಕಿಕೊಂಡಿದ್ದರು. ಗೇಟಿನವನಿದ್ದದ್ದು ದೂರ, ರಸ್ತೆಯ ಪಕ್ಕದಲ್ಲಿ. ಆಫೀಸಿಗೆ ಬೀಗ. ಸೋಮವಾರ ಬೆಳಿಗ್ಗೆ ಬೀಗ ತೆಗೆದವನು ಇವನು. ವಾಸನೆ ಅಂಗಳದಲ್ಲೇ ಎದುರಾಗಿತ್ತು. ಚರಂಡಿಯಲ್ಲಿ ಏನೋ ಸತ್ತಿದೆ ಎಂದುಕೊಂಡು ಒಳಗೆ ಬಂದು ಕಂಪ್ಯೂಟರ್ ಹಾಕಿದ. ಒಂದನೇ ಕೋಣೆ ಸೊನ್ನೆಗಿಂತ ಕೆಳಗೆ ಹದಿನೆಂಟು. ಎರಡನೇ ಕೋಣೆ ಹಾಗೇ. ಮೂರನೇ ಕೋಣೆ ಸೊನ್ನೆಗಿಂತ ಮೇಲೆ ಹತ್ತೊಂಬತ್ತು. ಕಣ್ಣು ತಿಕ್ಕಿ ಮತ್ತೆ ನೋಡಿದ. ಆಮೇಲೆ, ಯಾರು ಯಾವಾಗ ಏನು ಬದಲಿಸಿದರು ಎಂದು ಯಂತ್ರ ತಾನಾಗಿ ಬರೆದುಕೊಳ್ಳುವ ಪುಟ ತೆರೆದ; ಅದನ್ನು ತೆರೆಯಲು ಆ ಕಟ್ಟಡದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಗುರುವಾರ ಸಂಜೆ ಆರು ಹತ್ತಕ್ಕೆ ಯಾರೋ ಹೊರಗಿನಿಂದ, ಇಂಟರ್ನೆಟ್ಟಿನ ಮೂಲಕ, ಒಳಗೆ ಬಂದಿದ್ದಾರೆ. ಪಾಸ್‌ವರ್ಡ್ ಒಂದೇ ಸಲಕ್ಕೆ ಸರಿ. ಮೂರನೇ ಕೋಣೆಯ ತಂಪು ನಿಲ್ಲಿಸಿದ್ದಾರೆ. ಮಂಜು ಕರಗಿಸುವ ಬಿಸಿಯನ್ನು ಬಿಡದೆ ಓಡಲು ಹಾಕಿದ್ದಾರೆ. ಅಪಾಯದ ಗಂಟೆ ಬಂದ್ ಮಾಡಿದ್ದಾರೆ. ಒಟ್ಟು ನಾಲ್ಕು ಸಾಲು. ನಾಲ್ಕು ನಿಮಿಷ. ಯಾರೋ, ಎಲ್ಲಿಯೋ, ಕಾಲ ಮೇಲೆ ಕಾಲು ಹಾಕಿ ಕೂತು, ಬಾಗಿಲು ತಳ್ಳಿ ನೋಡಿದರೆ ಅದು ತೆರೆದೇ ಇತ್ತು. ಒಳಗೆ ಬಂದು ಆಟವಾಡಿ, ಬೇಜಾರಾಗಿ ಹೋದರು. ಅವನು ಆ ಪುಟ ಮುಚ್ಚಿದ. ಮುಚ್ಚಿದ ಮೇಲೆಯೇ "ಅಯ್ಯೋ ಮೂರನೇ ಕೋಣೆ!" ಎಂದು ಕೂಗಿಕೊಂಡು ಅಂಗಳಕ್ಕೆ ಓಡಿದ್ದು. ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ನಾಲ್ಕು ದಿನದಿಂದ ತಿರುವಿ ಹಾಕುತ್ತಿದ್ದಾನೆ, ಎಷ್ಟು ತಿರುವಿದರೂ ಪುಟ ಮುಚ್ಚಿದ್ದೇ ಮೊದಲು.

ಆ ಪಾಸ್‌ವರ್ಡ್! ಒಂದು, ಎರಡು, ಮೂರು, ನಾಲ್ಕು. ಮಗು ಬೆರಳು ಮಡಿಸಿ ಎಣಿಸುವಷ್ಟು. ಕೋಣೆಗಳ ತಂಪು ನಡೆಸುವ ಪ್ಯಾನಲನ್ನು ತಯಾರಿಸಿದ ಕಾರ್ಖಾನೆಯವರು ಅದರ ಪೆಟ್ಟಿಗೆ ಒಳಗೇ ಚೀಟಿ ಅಂಟಿಸಿ ಕಳಿಸಿದ್ದರು. ಅದರ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೂ ಅಚ್ಚಾಗಿತ್ತು. ಅಂಥ ಪ್ಯಾನಲ್ ಕೊಂಡ ಪ್ರಪಂಚದ ಎಲ್ಲರಿಗೂ ಅದೇ. ಕೂರಿಸಲು ಬಂದ ಮೆಕ್ಯಾನಿಕ್ಕು, "ಸಾರ್, ಇದು ಅಂಗಡಿಯಿಂದ ತಂದ ಬೀಗ ಇದ್ದ ಹಾಗೆ, ಕೀಲಿ ಎಲ್ಲರ ಹತ್ರ ಇರುತ್ತೆ. ಮೊದಲು ಬದಲಾಯಿಸಿ" ಎಂದಿದ್ದ. ಅವನು ಬದಲಾಯಿಸಿಯೂ ಇದ್ದ. ಮಗಳ ಹೆಸರು, ಹುಟ್ಟಿದ ವರ್ಷ. ಹತ್ತು ದಿನ ಮೈಗೆ ಹುಷಾರಿಲ್ಲದೆ ಮನೆಯಲ್ಲಿದ್ದು ವಾಪಸು ಬಂದಾಗ, ವರ್ಷ ಮೊದಲೋ ಹೆಸರು ಮೊದಲೋ ಮರೆತುಹೋಗಿತ್ತು. ಆ ದಿನವೇ ಯಜಮಾನ ದೊಡ್ಡ ಗಿರಾಕಿಗಳನ್ನು ಕರೆತಂದು, "ನಮ್ಮದೆಲ್ಲಾ ಈಗ ಕಂಪ್ಯೂಟರ್, ತೋರಿಸ್ರೀ" ಎಂದ. ಇವನು ಮೂರು ಸಲ ತಪ್ಪು ಹೊಡೆದ. ಪರದೆ ಬೀಗ ಹಾಕಿಕೊಂಡಿತು. ಕಿವಿಯ ಹಿಂದೆ ಬೆವರು ಇಳಿದದ್ದು ಈಗಲೂ ಅವನಿಗೆ ನೆನಪಿದೆ. ಮೆಕ್ಯಾನಿಕ್ಕು ಎರಡು ಗಂಟೆ ಪ್ರಯಾಣ ಮಾಡಿ ಬಂದು, ಎಲ್ಲರ ಮುಂದೆ, "ಏನ್ ಸಾರ್, ಮಗಳ ಹೆಸರೇ ಮರ್ತೋಯ್ತಾ?" ಎಂದ. ಯಜಮಾನ ನಕ್ಕ, ಗಿರಾಕಿಗಳು ನಕ್ಕರು, ಚಹಾ ತಂದವನೂ ನಕ್ಕ. ಬಾಗಿಲ ಬಳಿ ಎಣ್ಣೆ ಬಟ್ಟೆ ಹಿಡಿದು ನಿಂತಿದ್ದ ಮಾವ ಒಬ್ಬರು ನಗಲಿಲ್ಲ. ಪ್ಯಾನಲ್ ಮತ್ತೆ ಕಾರ್ಖಾನೆಯ ನಾಲ್ಕಂಕಿಗೆ ಬಂತು. "ಸಂಜೆಯೊಳಗೆ ಬದಲಾಯಿಸಿಬಿಡಿ ಸಾರ್." "ಆಯ್ತು." ಸಂಜೆ ಅದರ ಮುಂದೆ ಕೂತ, ಹೊಸ ಪದ ಹಾಕಿ ಎಂದು ಪರದೆ ಕೇಳಿತು, ಕಿವಿಯ ಹಿಂದೆ ಮತ್ತೆ ಬೆವರು ಬಂತು. ನಾಳೆ ನೋಡೋಣ ಎಂದು ಎದ್ದ. ಎರಡು ವರ್ಷ ನಾಳೆ ನೋಡಿದ. ಈ ನಡುವೆ ವಿಮೆಯವರ ಫಾರಂ ಎರಡು ಸಲ ಬಂತು. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಲಾಗಿದೆಯೇ ಎಂಬ ಪ್ರಶ್ನೆಗೆ ಎರಡು ಸಲವೂ, ಮುತ್ತಿನಂಥ ಅಕ್ಷರದಲ್ಲಿ, ಹೌದು ಎಂದು ಬರೆದು ಸಹಿ ಮಾಡಿದ. ನಿಜ ಹೇಳಿದರೆ ಈಗ ವಿಮೆಯೂ ಇಲ್ಲ, ಕೆಲಸವೂ ಇಲ್ಲ.

ಇಷ್ಟು ಸಾಲದೇನೋ ಎಂಬಂತೆ ಮಂಗಳವಾರದ್ದು ಬೇರೆ. ಅದನ್ನು ನೆನೆದರೆ ಮೀನಿನ ನಾತವೇ ವಾಸಿ. ಮಾವನಿಗೆ ಮೂಗಿಲ್ಲ. ಅಂದರೆ ಮೂಗಿದೆ, ವಾಸನೆ ಇಲ್ಲ. ಹತ್ತು ವರ್ಷದ ಕೆಳಗೆ ಅಮೋನಿಯಾ ಕೊಳವೆ ಒಡೆದಾಗ ಎಲ್ಲರೂ ಹೊರಗೆ ಓಡಿದರೆ, ಅವರು ಒದ್ದೆ ಗೋಣಿ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ವಾಲ್ವು ಮುಚ್ಚಿ ಬಂದಿದ್ದರು. ಹಳೇ ಯಜಮಾನರು ಕೈಗಡಿಯಾರ ಕೊಟ್ಟರು. ಅವತ್ತಿನಿಂದ ಅವರಿಗೆ ಹಾಲು ಒಡೆದದ್ದೂ ತಿಳಿಯದು, ಬಟ್ಟೆ ಸುಟ್ಟದ್ದೂ ತಿಳಿಯದು. ಅಮೋನಿಯಾ ಆಪರೇಟರಿಗೆ ಮೂಗು ಎಂದರೆ ಅನ್ನ. ಅದು ಹೋದದ್ದು ಗೊತ್ತಾದರೆ ಮರುದಿನವೇ ಮನೆಗೆ. ಅದಕ್ಕೇ ಅವರು ದಿನಾ ಬೆಳಿಗ್ಗೆ ಗಂಧಕದ ಬತ್ತಿ ಹಚ್ಚಿ ಕೊಳವೆಯ ಪ್ರತಿ ಕೀಲಿನ ಬಳಿ ಹಿಡಿಯುತ್ತಿದ್ದರು. ಅಮೋನಿಯಾ ಸೋರುತ್ತಿದ್ದರೆ ಅಲ್ಲಿ ಬಿಳಿ ಹೊಗೆ ಏಳುತ್ತದೆ. ಮೂಗಿನಿಂದ ಆಗದ್ದನ್ನು ಕಣ್ಣಿನಿಂದ ಮಾಡುತ್ತಿದ್ದರು. ನೋಡಿದವರು, ಎಂಥ ಅಚ್ಚುಕಟ್ಟು ಎನ್ನುತ್ತಿದ್ದರು. ಕೋಣೆಗಳ ಬಾಗಿಲಿಗೆ ನೇತುಹಾಕಿದ್ದ ಉಷ್ಣಮಾಪಕವನ್ನು ಎರಡೆರಡು ಗಂಟೆಗೆ ಹೋಗಿ ನೋಡಿ ಬರೆಯುತ್ತಿದ್ದರು ಕೂಡ. ಅದನ್ನು ತೆಗೆಸಿದವನು ಇವನು. "ಎಲ್ಲಾ ಪರದೆ ಮೇಲೆ ಬರುತ್ತೆ ಮಾವ, ಯಾಕೆ ಕಾಲು ಸವೆಸ್ತೀರಿ? ಏನಾದ್ರೂ ಆದ್ರೆ ಗಂಟೆ ಹೊಡಿಯುತ್ತೆ." ಅಳಿಯಂದಿರ ಮಾತು ಎಂದು ಅವರು ಒಪ್ಪಿಕೊಂಡರು. ಮನೆಯವರಿಗಷ್ಟೇ ಗೊತ್ತಿದ್ದ ಆ ಮೂಗಿನ ಗುಟ್ಟನ್ನು ಮಂಗಳವಾರ ಯಜಮಾನನ ಕೋಣೆಯಲ್ಲಿ ಇವನು ಬಿಚ್ಚಿದ. "ನಿಮ್ಮ ಮಾವನೇ ಏನೋ ಒತ್ತಿ ಮರೆತಿರ್ಬೇಕು ಕಣ್ರೀ. ಅದು ಹೋಗ್ಲಿ, ಹೆಣ ಕೊಳೆತ ಹಾಗೆ ನಾರ್ತಿದ್ರೂ ಗೊತ್ತಾಗಲಿಲ್ವಾ?" ಎಂದು ಯಜಮಾನ ಕೇಳಿದಾಗ, "ಸಾರ್, ಅವರದು ತಪ್ಪಲ್ಲ, ಪಾಪ, ಅವರಿಗೆ ವಾಸನೆ ಅಷ್ಟು..." ಎಂದು ತಡೆದ. ಮಾವನನ್ನು ಉಳಿಸಲು ಆಡಿದ ಮಾತು ಎಂದು ಆ ಕ್ಷಣ ತನಗೆ ತಾನೇ ಹೇಳಿಕೊಂಡಿದ್ದ. ಪಾಪ ಎಂದೂ ಸೇರಿಸಿದ್ದ! ನಾಲಿಗೆಗೆ ಎಲುಬಿಲ್ಲ, ಇವನ ನಾಲಿಗೆಗೆ ಮಾನವೂ ಇರಲಿಲ್ಲ.

ಹನ್ನೊಂದಕ್ಕೆ ವಿಮೆಯವರು ಬಂದರು. ಬಿಳಿ ಷರಟು, ಜೇಬಿನಲ್ಲಿ ಮೂರು ಪೆನ್ನು, ಮೂಗಿಗೆ ಹಸಿರು ಮಾಸ್ಕು. ಅವನು ಆಗಲೇ ಒಂದು ಸುತ್ತು ಕೋಣೆ ತೊಳೆದು ಬೂಟಿನಲ್ಲೇ ನಿಂತಿದ್ದ. ಪರದೆಯಲ್ಲಿ ಬಿಸಿ ಏರಿದ ಗೆರೆಯನ್ನು ತೋರಿಸಿದ. ಬರೀ ಗೆರೆಯನ್ನು. "ಹೊರಗಿನಿಂದ ಯಾರಾದ್ರೂ ಕೈಯಾಡಿಸಿರೋ ಸಾಧ್ಯತೆ?" ಎಂದು ಅವರು ಕೇಳಿದರು. "ಈಗ ದಿನಾ ಇದೇ ಆಗಿದೆ ನೋಡಿ. ಮೊನ್ನೆ ಒಂದು ಬೇಕರಿ, ಅದರ ಹಿಂದೆ ಒಂದು ಲಾಡ್ಜು. ಎಲ್ಲಿ ಕಾರ್ಖಾನೆ ಪಾಸ್‌ವರ್ಡ್ ಹಾಗೇ ಇದೆ ಅಂತ ಹುಡುಕೋದೇ ಕೆಲವರ ಕಸುಬು. ಹುಡುಕೋಕೆ ಮಿಷನ್ನೇ ಇಟ್ಟಿರ್ತಾರೆ. ನಾವು ಬಾಗಿಲು ತೆಗೆದಿಟ್ಟು ಮಲಗಿ, ಬೆಳಿಗ್ಗೆ ಕಳ್ಳನ್ನ ಬೈದ್ರೆ ಏನು ಬಂತು?" "ಇಲ್ಲ ಸಾರ್. ನಮ್ಮದು ಬದಲಾಯಿಸಿದೆ" ಎಂದ ಅವನು. ವಿಮೆಯವರು ಫೈಲು ತಿರುವಿ, "ಹೌದು, ನಿಮ್ಮ ಸಹಿ ಇದೆ. ಗುಡ್" ಎಂದು ಪೆನ್ನಿನಿಂದ ಒಂದು ಗೆರೆ ಎಳೆದರು. ಅಷ್ಟೇ. ಅಷ್ಟು ಸುಲಭ ಅದು. ಹಗುರಾದೆ ಎನಿಸಿತು.

ಮಾವ ಇಸ್ತ್ರಿ ಷರಟು ಹಾಕಿ, ಹಳೇ ಯಜಮಾನರು ಕೊಟ್ಟ ಗಡಿಯಾರ ಕಟ್ಟಿಕೊಂಡು ಬಂದರು. ಅಂಗಳದಲ್ಲಿ, ಬೆಳಕಿನಲ್ಲಿ, ಹಮಾಲರೆಲ್ಲ ನೋಡುತ್ತಿರುವಾಗ ವಿಚಾರಣೆ. ಯಜಮಾನ ಇವನಿಗಿಂತ ನಾಲ್ಕು ವರ್ಷ ಚಿಕ್ಕವನು. ಮಗುವಾಗಿದ್ದಾಗ ಮಾವನ ಹೆಗಲ ಮೇಲೆ ಕೂತು ಐಸು ನೋಡಿದವನು. ಇಷ್ಟು ವರ್ಷ ನೀವು ತಾವು ಎನ್ನುತ್ತಿದ್ದ. "ಮೂರು ದಿನ ನಾರಿದೆ. ನೀವು ಇಲ್ಲೇ ಮಲಗಿದ್ರಿ. ಗೊತ್ತಾಗಲಿಲ್ವಾ?" ಮಾವ, "ಮಿಷನ್ನು ಹಗುರಾಗಿ ಓಡ್ತಿತ್ತು. ರಜೆ, ಬಾಗಿಲು ತೆಗೆಯೋರಿಲ್ಲ, ಅದಕ್ಕೇ ಅಂದ್ಕೊಂಡೆ" ಎಂದರು. "ಮಿಷನ್ ವಿಷಯ ಅಲ್ಲ, ಮೂಗಿನ ವಿಷಯ" ಎಂದು ಯಜಮಾನ ಜವಾನನಿಗೆ ಸನ್ನೆ ಮಾಡಿದ. ಜವಾನ ಎರಡು ಬಟ್ಟೆ ತುಂಡು ತಂದ. ಒಂದನ್ನು ನಲ್ಲಿ ನೀರಿನಲ್ಲಿ ಅದ್ದಿತ್ತು, ಇನ್ನೊಂದನ್ನು ಮೂರನೇ ಕೋಣೆಯ ಚರಂಡಿಯಲ್ಲಿ. ಎರಡನ್ನೂ ಮಡಿಸಿ ಒಂದೇ ತರದ ಎರಡು ಡಬ್ಬಿಗೆ ಹಾಕಿ, ಮೇಲೆ ಹಾಳೆ ಮುಚ್ಚಿ ತೂತು ಮಾಡಿದ್ದರು. ಮಕ್ಕಳ ಆಟ ಇದ್ದ ಹಾಗೆ. "ಯಾವುದರಲ್ಲಿ ಮೀನು, ಹೇಳು ನೋಡೋಣ" ಎಂದ ಯಜಮಾನ. ನೀವು ಹೋಗಿ ನೀನು ಬಂದದ್ದು ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು.

ಯಜಮಾನನ ಬಲಗೈಯ ಡಬ್ಬಿ. ಯಜಮಾನನ ಹಿಂದೆ ನಿಂತಿದ್ದ ಅವನಿಗೆ ಮೂರು ಮಾರು ದೂರದಿಂದಲೇ ಹೊಡೆಯುತ್ತಿತ್ತು, ವಿಮೆಯವರು ಮಾಸ್ಕಿನ ಮೇಲೆ ಕೈ ಇಟ್ಟುಕೊಂಡರು, ಒಬ್ಬ ಹಮಾಲ ಮುಖ ತಿರುಗಿಸಿ ಉಗಿದ. ಮಾವ ಮೊದಲು ಎಡಗೈಯದಕ್ಕೆ ಮೂಗು ಹಿಡಿದರು, ಆಮೇಲೆ ಬಲಗೈಯದಕ್ಕೆ. ಹತ್ತಿರ, ತೀರಾ ಹತ್ತಿರ, ಹಾಳೆ ಮೂಗಿಗೆ ತಾಗುವಷ್ಟು. ಉಸಿರೆಳೆದರು. ಅರವತ್ತೆರಡು ವರ್ಷದ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ತಲೆಯೆತ್ತಿ ಯಜಮಾನನ ಹೆಗಲ ಮೇಲಿನಿಂದ ಅಳಿಯನನ್ನು ನೋಡಿದರು. ಬೇರೇನೂ ಅಲ್ಲ, ಎಡವೋ ಬಲವೋ ಎಂದು. ಒಂದು ಕಣ್ಣು ಮಿಟುಕಿಸಿದರೆ ಸಾಕಿತ್ತು. ಮಿಟುಕಿಸಿದರೆ? ಮೂಗಿದೆ ಎಂದಾಗುತ್ತದೆ, ಮೂಗಿದ್ದೂ ಮೂರು ದಿನ ಬಾಯಿ ಮುಚ್ಚಿ ಕೂತಿದ್ದರು, ಬೇಕೆಂದೇ ಕೊಳೆಸಿದರು ಎಂದಾಗುತ್ತದೆ. ಮಿಟುಕಿಸದಿದ್ದರೆ ಮೂಗಿಲ್ಲ ಎಂದಾಗುತ್ತದೆ, ಮನೆಗೆ. ಅತ್ತ ದರಿ, ಇತ್ತ ಪುಲಿ. ಮೂರನೇ ದಾರಿ ಒಂದಿತ್ತು, ಅದು ಇವನ ಬಾಯೊಳಗಿತ್ತು: ಸಾರ್, ಆ ಬಾಗಿಲು ನಾನು ತೆರೆದಿಟ್ಟದ್ದು. ಐದೇ ಪದ. ಅವನು ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ರಬ್ಬರ್ ಬೂಟು ಅದು, ದಾರವೇ ಇರಲಿಲ್ಲ. ಆದರೂ ಬೆರಳುಗಳು ಮೊಣಕಾಲ ಕೆಳಗೆ, ಆ ಲೋಳೆಯಲ್ಲಿ, ಏನನ್ನೋ ಕಟ್ಟುತ್ತಲೇ ಇದ್ದವು. ಮೇಲಿನಿಂದ ಮಾವನ ಧ್ವನಿ ಕೇಳಿತು. "ಡಬ್ಬಿ ಕೆಳಗಿಡಿ ಯಜಮಾನ್ರೇ, ಕೈ ನೋಯುತ್ತೆ. ನನಗೆ ಎರಡೂ ಒಂದೇ. ಹತ್ತು ವರ್ಷದಿಂದ ನನಗೆ ಮೂಗಿಲ್ಲ." ಯಾರೂ ನಗಲಿಲ್ಲ. ಒಬ್ಬನಾದರೂ ನಗಬಾರದಿತ್ತೇ ಎನಿಸಿತು ಅವನಿಗೆ.

ಆಮೇಲಿನದು ಹತ್ತೇ ನಿಮಿಷದ ಕೆಲಸ. ವಾಸನೆ ತಿಳಿಯದ ಆಪರೇಟರು ಮಂಜು ಕರಗಿಸುವ ಸ್ವಿಚ್ಚನ್ನು ಯಂತ್ರದ ಕೋಣೆಯಿಂದ ಹಾಕಿ ಮರೆತಿದ್ದಾನೆ, ನಿದ್ದೆಗೆ ಅಡ್ಡಿಯೆಂದು ಗಂಟೆ ಬಂದ್ ಮಾಡಿದ್ದಾನೆ, ಎಂದು ವಿಮೆಯವರು ಬರೆದರು. ಸಾಕ್ಷಿಯ ಜಾಗದಲ್ಲಿ ಸೂಪರ್‌ವೈಸರ್ ಸಹಿ ಮಾಡಬೇಕು. ಮಾಡಿದ. ಮಾವ ಕೀಲಿ ಗೊಂಚಲನ್ನು ಮೇಜಿನ ಮೇಲಿಟ್ಟು, ಉಳಿದ ಗಂಧಕದ ಬತ್ತಿಯ ಕಟ್ಟನ್ನು ಅದರ ಪಕ್ಕ ಇಟ್ಟು, "ಮುಂದೆ ಬರೋರಿಗೆ ಹೇಳಿ, ಎರಡನೇ ಕಂಪ್ರೆಸರಿನ ಹಿಂದಿನ ಕೀಲು ದಿನಾ ನೋಡ್ಬೇಕು" ಎಂದರು. ಗೇಟಿನವರೆಗೆ ಇವನು ಜೊತೆಗೆ ಹೋದ. ಹೋಗದಿದ್ದರೆ ಜನ ಏನಂದಾರು. ನೀರಿನ ತೊಟ್ಟಿಯ ಬಳಿ ಮಾವ ನಿಂತರು. "ಹೋದ ಗುರುವಾರ ಸಂಜೆ ಆರರ ಮೇಲೆ, ನಾನು ಎಣ್ಣೆ ನೋಡ್ತಿದ್ದೆ. ಮೂರನೇ ಕೋಣೆ ವಾಲ್ವು ತಾನಾಗೇ ಟಕ್ ಅಂತ ಮುಚ್ಚಿಕೊಳ್ತು. ನೀವು ಮನೆಯಿಂದ ಫೋನಲ್ಲಿ ಏನೋ ಮಾಡ್ತಿದೀರಿ ಅಂದ್ಕೊಂಡೆ. ಆಗಾಗ ಮಾಡ್ತೀರಲ್ಲ." ಅವನು ತೊಟ್ಟಿಯ ಪಾಚಿ ನೋಡಿದ. "ಸೋಮವಾರ ನಿಮ್ಮ ಮುಖ ನೋಡಿದ ಮೇಲೆ ತಿಳೀತು, ನೀವಲ್ಲ ಅಂತ. ನೀವಲ್ಲ ಅಂದ್ಮೇಲೆ ಇನ್ಯಾರೋ. ಆ ನಾಲ್ಕಂಕಿ ಚೀಟಿ ಇನ್ನೂ ಪೆಟ್ಟಿಗೆ ಒಳಗೇ ಅಂಟ್ಕೊಂಡಿದೆ. ಎರಡು ವರ್ಷದಿಂದ ಅದರ ಧೂಳು ಒರೆಸ್ತಿರೋನು ನಾನೇ ಅಲ್ವಾ ಅಳಿಯಂದ್ರೇ." "ಮಾವಾ..." ಎಂದ. ಮಾವ ಕೈಯಾಡಿಸಿ ತಡೆದರು. "ಅವತ್ತು ಆ ಮೆಕ್ಯಾನಿಕ್ಕು ಎಲ್ಲರನ್ನೂ ಹಂಗೆ ನಗಿಸಬಾರದಿತ್ತು ಬಿಡಿ. ನನಗೆ ಇನ್ನೆಷ್ಟು ದಿನದ ಕೆಲಸ? ನಿಮ್ಮದು ಹೋದ್ರೆ ಮಗು ಓದು ನಿಲ್ಲುತ್ತೆ. ಹೋಗಿ, ಇವತ್ತಾದ್ರೂ ಬದಲಾಯಿಸಿ." ಮೂಗಿನ ಗುಟ್ಟು ಹೊರಬಿದ್ದದ್ದು ಹೇಗೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಒಂದು ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಗಡಿಯಾರ ನೋಡಿಕೊಂಡು ಬಸ್ಸಿನ ಕಡೆ ನಡೆದರು.

ಅವನು ಹೋಗಿ ಪರದೆಯ ಮುಂದೆ ಕೂತ. ಹಳೆಯದನ್ನು ಹಾಕಿ ಎಂದಿತು. ಒಂದು ಎರಡು ಮೂರು ನಾಲ್ಕು. ಹೊಸದನ್ನು ಹಾಕಿ ಎಂದಿತು. ಈ ಸಲ ಬೆವರು ಬರಲಿಲ್ಲ, ಯೋಚಿಸಬೇಕಾಗಿಯೂ ಬರಲಿಲ್ಲ. ಬೆರಳು ತಾನಾಗಿ ಒಂದು ಮಾತನ್ನು ಒತ್ತಿತು, ಮತ್ತೊಮ್ಮೆ ಕೇಳಿದಾಗ ಮತ್ತೊಮ್ಮೆ ಒತ್ತಿತು. ಸಾಯುವವರೆಗೂ ಮರೆಯುವಂಥದ್ದಲ್ಲ. ಯಾವುದು ಎಂದು ಇಲ್ಲಿ ಹೇಳುವ ಹಾಗಿಲ್ಲ, ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ತಾನೆ. ಒಂದು ನಿಮಿಷವೂ ಹಿಡಿಯಲಿಲ್ಲ ಅದಕ್ಕೆ. ಒಂದು ನಿಮಿಷ! ಪೆಟ್ಟಿಗೆ ಒಳಗಿನ ಚೀಟಿಯನ್ನು ಉಗುರಿನಿಂದ ಕೆರೆದ. ಮೇಲಿನ ಪದರ ಬಂತು, ಅಂಟು ಬರಲಿಲ್ಲ. ಕೆರೆದಷ್ಟೂ ಉಗುರ ಸಂದಿಗೆ ಸೇರಿತು. ಫಾರಂನಲ್ಲಿ ಬರೆದ ಹೌದು ಈಗ ನಿಜವಾಗಿದೆ ಎಂದು ಹೊಳೆದು, ಒಳಗಿನಿಂದ ಒಂದು ಹೇಸಿಗೆಯ ತೇಗು ಬಂತು.

ಸಂಜೆ ಊಟಕ್ಕೆ ಕೂತಾಗ ನಾಲ್ಕನೇ ಸ್ನಾನ ಮುಗಿದಿತ್ತು. ಮಗಳು ತಟ್ಟೆ ಎತ್ತಿಕೊಂಡು ಆಚೆ ಸರಿದಳು. "ಅಪ್ಪಾ, ನೀನು ನಾರ್ತೀಯಾ." ಹೆಂಡತಿ ಗದರಿದಳು, ಗದರಿ ತಾನೂ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು. "ಅಪ್ಪನ ಮೂಗಿನ ವಿಷಯ ಅವರಿಗೆ ಹೇಳಿದ್ಯಾರು ರೀ? ನಾವು ಮೂರು ಜನ ಬಿಟ್ರೆ ನರಪಿಳ್ಳೆಗೂ ಗೊತ್ತಿರ್ಲಿಲ್ಲ." ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ. ಈಗ, ಇಲ್ಲಿ, ಎಲ್ಲವನ್ನೂ, ನಾಲ್ಕಂಕಿಯಿಂದ ಹಿಡಿದು. "ನಾನೇ ಹೇಳಿದೆ ಕಣೇ" ಎಂದರು ಮಾವ. "ಎಷ್ಟು ದಿನ ಅಂತ ಮುಚ್ಚಿಡೋದು?" ಎಂದು ತಮ್ಮ ತಟ್ಟೆಯನ್ನು ಎತ್ತಿಕೊಂಡು, ಎಲ್ಲರೂ ಬಿಟ್ಟು ಸರಿದ ಆ ಖಾಲಿ ಜಾಗ ದಾಟಿ ಬಂದು, ಅವನ ಪಕ್ಕದಲ್ಲಿ, ಮೊಣಕೈ ತಾಗುವಷ್ಟು ಹತ್ತಿರ ಕೂತರು.

"ಉಣ್ಣಿ ಅಳಿಯಂದ್ರೇ. ನನಗೇನೂ ನಾರಲ್ಲ."

ಅವನು ತೆರೆದ ಬಾಯಿಗೆ ತುತ್ತು ಇಟ್ಟುಕೊಂಡ. ತಟ್ಟೆಯಲ್ಲಿ ಏನೂ ಬಿಡದೆ ಉಂಡ.